ಇದು ಯಾರ್ದು?

ನನ್ನ ದೊಡ್ಡಮ್ಮ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ವಿಚಾರಿಸುತ್ತಿದ್ದದ್ದು ಕುಶಲವನ್ನಲ್ಲ, ಒಡೆತನವನ್ನು. ಗೋಡೆಗೆ ಒರಗಿಸಿಟ್ಟ ಪೊರಕೆಯಾಗಲಿ, ಕಿಟಕಿಯ ಕಟ್ಟೆಯ ಮೇಲೆ ಯಾರೋ ಮರೆತುಹೋದ ಕನ್ನಡಕವಾಗಲಿ, ಬಾಗಿಲ ಬಳಿ ಚೆಲ್ಲಿದ ನೀರಾಗಲಿ, ಮೂಲೆಯಲ್ಲಿ ನಿಂತು ಅಳುವ ಮಗುವಾಗಲಿ, ಅದರತ್ತ ತನ್ನ ಬಲಗೈಯ ತೋರುಬೆರಳನ್ನು, ಎಂದೋ ಇಸ್ತ್ರಿಪೆಟ್ಟಿಗೆ ತಾಗಿ ತುದಿ ಚಪ್ಪಟೆಯಾಗಿದ್ದ ಆ ಬೆರಳನ್ನು, ಚಾಚಿ "ಇದು ಯಾರ್ದು?" ಎನ್ನುತ್ತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವಿರಲಿಲ್ಲ. ಆದರೆ ಉತ್ತರ ಬರುವ ತನಕ ಬೆರಳು ಕೆಳಗಿಳಿಯುತ್ತಲೂ ಇರಲಿಲ್ಲ. "ಯಾರದ್ದೂ ಅಲ್ಲ" ಎಂಬ ಉತ್ತರವನ್ನು ಅವಳು ಜನ್ಮದಲ್ಲಿ ಒಪ್ಪಿದವಳಲ್ಲ. ಒಮ್ಮೆ ನಮ್ಮ ಮನೆಯಲ್ಲಿ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದಿದ್ದ ಒಂದೇ ಒಂದು ತುತ್ತಿಗೆ ಆ ಬೆರಳು ನೆಟ್ಟಿತು. ನನ್ನಪ್ಪ ಸಂಕೋಚದಿಂದ ಅದನ್ನು ತನ್ನ ತಟ್ಟೆಗೆ ಬಡಿಸಿಕೊಂಡ ಮೇಲೆಯೇ ಅವಳು ಕೈ ತೊಳೆಯಲು ಎದ್ದದ್ದು.

ನಡಿಗೆಯೂ ಅವಳದೇ ಒಂದು ಬಗೆ. ಇಸ್ತ್ರಿ ಮೇಜುಗಳ ನಡುವಿನ ಇಕ್ಕಟ್ಟಿನಲ್ಲಿ ವರ್ಷಗಟ್ಟಲೆ ಓಡಾಡಿ, ಅಗಲವಾದ ರಸ್ತೆಯಲ್ಲೂ ಒಂದು ಭುಜವನ್ನು ಮುಂದೆ ಮಾಡಿಕೊಂಡು ಓರೆಯಾಗಿಯೇ ಸಾಗುತ್ತಿದ್ದಳು. ಜೊತೆಯಲ್ಲಿ ಹೋಗುವವರಿಗೆ ತಮ್ಮ ಅಕ್ಕಪಕ್ಕದಲ್ಲೂ ಕಣ್ಣಿಗೆ ಕಾಣದ ಮೇಜುಗಳಿವೆಯೇನೋ ಎನ್ನಿಸಿ ಅವರೂ ಮೈ ಕುಗ್ಗಿಸಿಕೊಳ್ಳುತ್ತಿದ್ದರು. ಮೈಮೇಲೆ ಸದಾ ಒಂದು ಕರಿಯ ಕೋಟು. ಗಂಡಸಿನ ಕೋಟು. ಒಗೆಯಲು ಕೊಟ್ಟ ಗಿರಾಕಿಯೊಬ್ಬ ಅದನ್ನು ತೆಗೆದುಕೊಂಡು ಹೋಗಲು ಬರಲೇ ಇಲ್ಲ. ಬಹಳ ಕಾಲ ಗೂಟದಲ್ಲಿ ತೂಗಾಡಿದ ಮೇಲೆ, "ದಿಕ್ಕಿಲ್ಲದ ಬಟ್ಟೆಗೆ ಬೇಗ ನುಸಿ ಹಿಡಿಯತ್ತೆ" ಎಂದು ತಾನೇ ಹಾಕಿಕೊಂಡಳು. ತೋಳು ಎರಡು ಗೇಣು ಉದ್ದವಾದರೂ ಕತ್ತರಿ ಹಾಕಲಿಲ್ಲ, ಮಡಚಿಕೊಂಡಳು. ಏಕೆಂದರೆ ಅದು ಅವಳದಲ್ಲ, ಆತ ಬರುವವರೆಗೆ ಕಾಯುತ್ತಿರುವುದು. ಅಪರಿಚಿತ ಗಿರಾಕಿ ಯಾರಾದರೂ ಕೋಟನ್ನು ತುಸು ಹೆಚ್ಚು ಹೊತ್ತು ನೋಡಿದರೆ ಸಾಕು, ಮಾತಾಡುತ್ತಲೇ ಒಂದೊಂದಾಗಿ ಗುಂಡಿ ಬಿಚ್ಚತೊಡಗುತ್ತಿದ್ದಳು. ಎಷ್ಟೋ ಜನ ಮರ್ಯಾದಸ್ಥರು ಗಾಬರಿಯಾಗಿ ಹೊರಗೋಡಿದ್ದುಂಟು.

ಇದನ್ನೆಲ್ಲ ನಾನು ಬಾಯ್ತುಂಬ ಹೊಗಳುತ್ತೇನೆಂದು ಓದುಗರು ನಿರೀಕ್ಷಿಸಬಾರದು. ನನಗೆ ಹೊಟ್ಟೆಕಿಚ್ಚು. ಅವಳ ಮೇಲಲ್ಲ, ಅವಳ ಸುತ್ತ ಇದ್ದವರ ಮೇಲೆ. ದೊಡ್ಡಮ್ಮನೆಂದರೆ ನನ್ನ ತಾಯಿಯ ಒಬ್ಬಳೇ ಅಕ್ಕ; ಅವಳಿಗೆ ಮಕ್ಕಳಿರಲಿಲ್ಲ; ಅವಳ ಲಾಂಡ್ರಿಯೋ ಊರಿನ ಅರ್ಧದಷ್ಟು ಹೋಟೆಲುಗಳ ಹಾಸಿಗೆ ಹೊದಿಕೆ, ಒಂದು ದೊಡ್ಡ ಆಸ್ಪತ್ರೆಯ ಬಿಳಿಯ ಚಾದರಗಳು, ಕೋರ್ಟು ಕಚೇರಿಗಳ ಕೋಟುಗಳು ಇವನ್ನೆಲ್ಲ ನುಂಗಿ ಗರಿಗರಿಯಾಗಿ ಹೊರಹಾಕುವ ಘನವಾದ ವ್ಯವಹಾರ. "ಅದೆಲ್ಲ ನಿಂದೇ ಕಣೋ" ಎಂದು ನನ್ನಮ್ಮ ನನಗೆ ತಲೆ ಬಾಚುವಾಗಲೆಲ್ಲ ಹೇಳುತ್ತಿದ್ದಳು. ಹೀಗಾಗಿ ಬಾಚಣಿಗೆಯ ಹಲ್ಲಿನ ಜೊತೆಗೇ ಆ ಮಾತೂ ತಲೆಯೊಳಗೆ ಇಳಿದಿತ್ತು. ಆದರೆ ಲಾಂಡ್ರಿಗೆ ಹೋದರೆ ಕೇಳುವುದೇನು? ಕೆಲಸದವರೆಲ್ಲರ ಬಾಯಲ್ಲೂ "ದೊಡ್ಡಮ್ಮ, ದೊಡ್ಡಮ್ಮ". ನನಗೆ ಹುಟ್ಟಿನಿಂದ ಬಂದ ಪದವನ್ನು, ಅವಳ ತಂಗಿಯ ಮಗನೆಂಬ ಏಕೈಕ ಅರ್ಹತೆಯಿಂದ ನನಗಷ್ಟೇ ಸಲ್ಲಬೇಕಾದ ಪದವನ್ನು, ದಾರಿಯಲ್ಲಿ ಹೋಗುವವರೆಲ್ಲ ಹಂಚಿಕೊಂಡು ಬಳಸುತ್ತಿದ್ದರು. ನನಗೆ ಉಳಿದಿದ್ದ ವಿಶೇಷ ಹಕ್ಕು ಒಂದೇ. ಅವರು ಅವಳನ್ನು "ನೀವು" ಎನ್ನುತ್ತಿದ್ದರು, ನಾನು "ನೀನು" ಎನ್ನುತ್ತಿದ್ದೆ. ಅದನ್ನು ನಾನು ಅವರ ಮುಂದೆ ಬೇಕೆಂದೇ ಗಟ್ಟಿಯಾಗಿ ಬಳಸುತ್ತಿದ್ದೆ.

ಲಾಂಡ್ರಿಯನ್ನು ಶುರು ಮಾಡಿದವನು ದೊಡ್ಡಪ್ಪ. ಆತ ಉದಾರಿ, ಶೋಕಿಗಾರ, ಬಹುಮಾನಗಳಲ್ಲಿ ಅಪಾರ ನಂಬಿಕೆಯುಳ್ಳವ. ವರ್ಷಕ್ಕೊಮ್ಮೆ ಅತ್ಯುತ್ತಮ ಕೆಲಸಗಾರನಿಗೆ ಚಪ್ಪಾಳೆಯ ನಡುವೆ ಕೈಗಡಿಯಾರ ತೊಡಿಸುತ್ತಿದ್ದ. ಬಹುಮಾನ ಹತ್ತಿರ ಬಂದಾಗ ಎಲ್ಲರೂ ಬೆವರು ಸುರಿಸುವರು. ಕೊಟ್ಟು ಮುಗಿದ ಮರುದಿನದಿಂದ ಗಿರಾಕಿಗಳ ಅಂಗಿ ಸುಡತೊಡಗುವುದು. ಗಡಿಯಾರ ಪಡೆದವನು ಅದನ್ನು ನೋಡಿಕೊಳ್ಳುತ್ತ ಕೂರುವನು, ಪಡೆಯದವರು ಗಳಿಗೆಗೊಮ್ಮೆ ಅವನ ಮುಂದೆ ಹಾದು "ಟೈಮೆಷ್ಟು ಸಾರ್?" ಎಂದು ಚುಚ್ಚುವರು. ದೊಡ್ಡಪ್ಪ ತೀರಿಕೊಂಡಾಗ ಲಾಂಡ್ರಿಯ ಹೆಸರು ಎಷ್ಟು ಕೆಟ್ಟಿತ್ತೆಂದರೆ, ಹೋಟೆಲಿನವರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ಮಾರಿ ಕೈ ತೊಳೆದುಕೊಳ್ಳುವುದೇ ಲೇಸೆಂದು ನೆಂಟರೆಲ್ಲ ಹೇಳಿದರು.

ಅದುವರೆಗೆ ಮನೆ ಬಿಟ್ಟು ಹೊರಬರದಿದ್ದ ದೊಡ್ಡಮ್ಮ ಲಾಂಡ್ರಿಯ ಮೂಲೆಯಲ್ಲಿ ಒಂದು ಮುಕ್ಕಾಲಿ ಹಾಕಿಕೊಂಡು ಕೆಲವು ವಾರ ಸುಮ್ಮನೆ ಕೂತಳು. ಒಂದು ಸಂಜೆ ನಮ್ಮ ಮನೆಗೆ ಬಂದು ಅಮ್ಮನಿಗೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ದಿನದ ಕೊನೇಲಿ ಉಳಿದ ಬಿಸೀಲಿ ಅವರವರ ಅಂಗಿ ಇಸ್ತ್ರಿ ಮಾಡ್ಕೋತಾರೆ ಕಣೆ. ಅದನ್ನ ನೋಡ್ಬೇಕು ನೀನು. ಕಾಲರ್ ಹೇಗೆ ತೀಡ್ತಾರೆ, ಗುಂಡಿ ಸುತ್ತ ಹೇಗೆ ಹೋಗ್ತಾರೆ! ಅದೇ ಕೈ, ಅದೇ ಪೆಟ್ಟಿಗೆ. ಗಿರಾಕಿ ಅಂಗಿ ಮಾತ್ರ ಸುಡತ್ತೆ."

ಮರುದಿನ ಬೆಳಗ್ಗೆ ಅವಳು ದಾರದ ಉಂಡೆಗಳನ್ನು ಹಿಡಿದು ಹೊರಟಳು. ಒಗೆಯಲು ಬಂದ ಬಟ್ಟೆಗಳು ಒಂದರೊಳಗೊಂದು ಬೆರೆತುಹೋಗದಂತೆ, ಕಾಲರಿನ ಒಳಮಗ್ಗುಲಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬಣ್ಣದ ದಾರದ ಹೊಲಿಗೆ ಹಾಕುವುದು ಲಾಂಡ್ರಿಯ ಪದ್ಧತಿ. ಆ ದಾರಗಳನ್ನೇ ಅವಳು ಈಗ ಯಂತ್ರಗಳಿಗೂ ಮೇಜುಗಳಿಗೂ ಕಟ್ಟುತ್ತ ಹೋದಳು. ಬಾಯ್ಲರಿನ ಹಿಡಿಗೆ ಕೆಂಪು, ಹಿಂಡುವ ಯಂತ್ರಕ್ಕೆ ಹಳದಿ, ವ್ಯಾನಿನ ಕನ್ನಡಿಗೆ ಹಸಿರು, ಕಿಟಕಿ ಪಕ್ಕದ ಇಸ್ತ್ರಿ ಮೇಜಿಗೆ ನೀಲಿ. ಪ್ರತಿಯೊಬ್ಬರನ್ನೂ ಹತ್ತಿರ ಕರೆದು ಅದೇ ಬೆರಳು ಚಾಚಿ, "ಇದು ಯಾರ್ದು?" ಎಂದಳು. ಅವರು "ನಿಮ್ಮದು ದೊಡ್ಡಮ್ಮ" ಎಂದರು. "ಅಲ್ಲ. ಇವತ್ತಿಂದ ನಿಂದು. ಇದು ದುಡಿದ್ರೆ ಲಾಭದಲ್ಲಿ ನಿಂಗೂ ಪಾಲು. ಇದು ಕೆಟ್ರೆ ನಂಗಿಂತ ಮೊದಲು ನಿನ್ನ ಹೊಟ್ಟೆ ಉರೀಬೇಕು." ಗಡಿಯಾರ, ಚಪ್ಪಾಳೆ, ಹಾರ ಎಲ್ಲ ಅಂದಿಗೇ ನಿಂತವು.

ಹೊಟ್ಟೆ ಉರಿಯಿತು, ಅವಳು ಬಯಸಿದಷ್ಟೇ ಉರಿಯಿತು. ಬಾಯ್ಲರ್ ನೋಡಿಕೊಳ್ಳುತ್ತಿದ್ದಾತನನ್ನು ಎಲ್ಲರೂ ಹಬೆಯಣ್ಣ ಎನ್ನುತ್ತಿದ್ದರು. ಆತ ಅದುವರೆಗೆ ಬಾಯ್ಲರಿನ ಮೇಲೆ ತನ್ನ ಒದ್ದೆ ಟವೆಲ್ ಒಣಹಾಕುತ್ತಿದ್ದವನು, ದಾರ ಬಿದ್ದ ಮೇಲೆ ಬೇರೆಯವರು ಅದಕ್ಕೆ ಒರಗಿ ನಿಂತರೂ ಗುರುಗುಟ್ಟತೊಡಗಿದ. ಪ್ಯಾಂಟಿಗೆ ಗೆರೆ ಕೂರಿಸುವುದರಲ್ಲಿ ನಿಸ್ಸೀಮಳಾಗಿದ್ದು ಗೆರೆಯಕ್ಕ ಎಂದೇ ಹೆಸರಾದ ಹೆಂಗಸಂತೂ ನೀಲಿ ದಾರದ ಮೇಜಿನ ಹೊದಿಕೆಯನ್ನು ಮನೆಗೊಯ್ದು ಒಗೆದು ತರುತ್ತಿದ್ದಳು. ಲಾಂಡ್ರಿಯಲ್ಲಿ ಕೆಲಸ ಮಾಡುವವಳು ಬಟ್ಟೆಯನ್ನು ಮನೆಗೊಯ್ದು ಒಗೆಯುವುದೆಂದರೆ! ಕೇಳಿದರೆ, "ಇಲ್ಲಿ ಎಲ್ಲರ ಬಟ್ಟೆ ಜೊತೆ ನಂದು ಬೆರೆಯೋದು ಬೇಡ" ಎಂದಳಂತೆ. ಪಕ್ಕದ ಮೇಜಿನವಳು ಹೊಸ ದೀಪ ಹಾಕಿಸಿಕೊಂಡರೆ ಇವಳಿಗೆ ಅದಕ್ಕಿಂತ ಬೆಳಕಿನದು ಬೇಕು. ಹಬೆಯಣ್ಣ ಬಾಯ್ಲರಿಗೆ ಬಣ್ಣ ಹೊಡೆದರೆ ವ್ಯಾನಿನವನು ಬಂಪರಿಗೆ ಪಾಲಿಶ್ ಹಾಕುವನು. ಅವರೆಲ್ಲ ತಮ್ಮ ತಮ್ಮ ಸ್ವತ್ತನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದನ್ನು ನೋಡಿದರೆ ಹೊರಗಿನವರಿಗೆ ನಗು, ನನಗೆ ಸಂಕಟ. ನನ್ನದಾಗಬೇಕಾದದ್ದನ್ನು ಇವರು ತುಂಡು ತುಂಡಾಗಿ ಪ್ರೀತಿಸುತ್ತಿದ್ದರು.

ಕಟ್ಟುವಷ್ಟೇ ಸಲೀಸಾಗಿ ದಾರ ಕತ್ತರಿಸುವುದೂ ಅವಳಿಗೆ ಗೊತ್ತಿತ್ತು. ವ್ಯಾನಿನವನು ಒಮ್ಮೆ ಯಾರಿಗೋ ಪುಡಿಗಾಸು ಕೊಟ್ಟು ವ್ಯಾನು ತೊಳೆಸಿದ. ಅಂದೇ ಹಸಿರು ದಾರ ಹೋಯಿತು. "ಸ್ವಂತದ್ದನ್ನ ಬೇರೆಯವರ ಕೈಲಿ ತೊಳೆಸಿದ್ರೆ ಅದು ಬೇರೆಯವರ್ದೇ" ಎಂದಳಷ್ಟೆ. ಮೀಸೆ ಹೊತ್ತ ಆ ಆಜಾನುಬಾಹು, ದಾರ ಮರಳಿ ಸಿಗುವವರೆಗೆ ವ್ಯಾನನ್ನು ಬಾಡಿಗೆಯದೆಂಬಂತೆ ಮುಖ ಸಪ್ಪೆ ಮಾಡಿಕೊಂಡು ಓಡಿಸಿದ.

ನಾನು ಓದಿ ವಿಮಾ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಒಂದು ವರ್ಷ ನನಗೆ ಅತ್ಯುತ್ತಮ ಸೇವೆಗಾಗಿ ಹಿತ್ತಾಳೆಯ ಫಲಕವೊಂದು ದಕ್ಕಿತು. ಅದನ್ನು ಕಾಗದ ಬಿಚ್ಚದೆ ನೆಟ್ಟಗೆ ಲಾಂಡ್ರಿಗೆ ಒಯ್ದು, ಹಬೆಯಣ್ಣ ಗೆರೆಯಕ್ಕ ಇಬ್ಬರೂ ನೋಡುವಂಥ ಜಾಗ ಆರಿಸಿ ಬಿಚ್ಚಿದೆ. ಬೆರಳು ಬಂತು.

"ಇದು ಯಾರ್ದು?"

"ನಂದು ದೊಡ್ಡಮ್ಮ. ಆಫೀಸಲ್ಲಿ ಕೊಟ್ರು."

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೋಟಿನ ತೋಳಿನಿಂದ ಒರೆಸಿ, ಹತ್ತಿರ ದೂರ ಮಾಡಿ ನೋಡಿದಳು. "ಆಫೀಸಿನ ಹೆಸರು ದಪ್ಪಕ್ಕಿದೆ. ನಿಂದೆಲ್ಲಿ?"

"ಕೆಳಗೆ, ಸಣ್ಣ ಅಕ್ಷರದಲ್ಲಿ."

"ಹೂಂ. ಮುಂದಿನ ವರ್ಷ ಯಾರ್ದು?"

ಮುಂದಿನ ವರ್ಷ ಅದು ನನ್ನ ಪಕ್ಕದ ಕುರ್ಚಿಯವನಿಗೆ ಹೋಯಿತು. ನನ್ನಿಂದಲೇ ಕೆಲಸ ಕಲಿತವನು! ಆಮೇಲೆ ಅವನಿಗೆ ನಾನು ಪೆನ್ನು ಕೊಡುವುದನ್ನೂ ನಿಲ್ಲಿಸಿದೆ, ಅವನು ಕೇಳಿದ ಕಡತ ಕೈಯಲ್ಲೇ ಇದ್ದರೂ ಕಾಣುತ್ತಿಲ್ಲವೆಂದೆ. ಆ ಉರಿಯನ್ನು ದೊಡ್ಡಮ್ಮನ ಮುಂದೆ ಕಾರಿಕೊಂಡಾಗ ಅವಳು ಗಂಜಿಯ ಬಕೆಟ್ಟಿನಲ್ಲಿ ಕೈಯಾಡಿಸುತ್ತ ಹೇಳಿದಳು: "ಬಹುಮಾನ ಕೊಟ್ರೂ ಹೊಟ್ಟೆಕಿಚ್ಚೇ, ಸ್ವಂತಕ್ಕೆ ಕೊಟ್ರೂ ಹೊಟ್ಟೆಕಿಚ್ಚೇ. ಅದಿಲ್ದೆ ಮನುಷ್ಯ ಏಳೋದಿಲ್ಲ. ಆದ್ರೆ ಕಿಚ್ಚು ಒಲೇಲಿದ್ರೆ ಅಡುಗೆ ಆಗತ್ತೆ, ಸೂರಲ್ಲಿದ್ರೆ ಮನೆ ಸುಡತ್ತೆ." ಈ ಮಾತು ಕೇಳಿ ಗೆರೆಯಕ್ಕ ತಲೆಯಾಡಿಸಿದಳು. ಅವಳು ತಲೆಯಾಡಿಸಿದ್ದು ನನಗೆ ಸೇರಲಿಲ್ಲ.

ಅಂದೇ ಕೇಳಿಬಿಟ್ಟೆ. "ನಂಗೇನು ದಾರ ಇಲ್ವಾ ದೊಡ್ಡಮ್ಮ?"

"ನೀನು ಇಲ್ಲಿ ಏನು ಮಾಡ್ತೀಯ?"

"ನಾನು ನಿನ್ನ ತಂಗಿ ಮಗ."

"ಅದು ಸಂಬಂಧ ಕಣೋ. ಕೆಲಸ ಅಲ್ಲ." ಹೀಗೆಂದು ನನ್ನ ಕೆನ್ನೆ ತಟ್ಟಿದಳು. ಕೆನ್ನೆಯ ಮೇಲೆ ಗಂಜಿ ಒಣಗಿ ಮನೆ ಮುಟ್ಟುವಷ್ಟರಲ್ಲಿ ಚರ್ಮ ಬಿಗಿದುಕೊಂಡಿತ್ತು.

ಇಷ್ಟು ಅಚ್ಚುಕಟ್ಟಾದ ಏರ್ಪಾಡಿನಲ್ಲೂ ಒಂದು ತೂತು ಉಳಿದಿತ್ತು, ಅದು ಅಕ್ಷರಶಃ ತೂತೇ. ಒಗೆಯುವ ತೊಟ್ಟಿಗಳ ಕೋಣೆಗೂ ಇಸ್ತ್ರಿಯ ಕೋಣೆಗೂ ನಡುವೆ ಒಂದು ಓಣಿಯಿತ್ತು, ಓಣಿಯ ಉದ್ದಕ್ಕೂ ಒಂದು ಮೋರಿ. ತೊಟ್ಟಿಗಳ ನೀರೆಲ್ಲ ಅದರ ಮೂಲಕ ಹೊರಹೋಗಬೇಕು. ಬಟ್ಟೆಗಳಿಂದ ಕಳಚಿದ ನೂಲಿನ ಎಳೆ, ಸೋಪಿನ ಗಸಿ, ಬಿದ್ದುಹೋದ ಗುಂಡಿ ಎಲ್ಲ ಬಂದು ಸೇರುವುದು ಅದರ ಜಾಲರಿಯ ಬಾಯಿಗೆ. ಓಣಿ ಎಲ್ಲರೂ ಓಡಾಡುವ ಜಾಗ. ಎಲ್ಲರ ಜಾಗವೆಂದರೆ ಯಾರ ಜಾಗವೂ ಅಲ್ಲ. ಮೋರಿಗೆ ಯಾವ ಬಣ್ಣದ ದಾರವೂ ಇರಲಿಲ್ಲ.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಅದು ಕಟ್ಟಿಕೊಂಡು ಉಕ್ಕಿತು. ತೊಟ್ಟಿಯ ನೀರು ನೊರೆನೊರೆಯಾಗಿ ಓಣಿಗೆ ನುಗ್ಗಿ, ಅಲ್ಲಿಂದ ಎರಡೂ ಕೋಣೆಗಳಿಗೆ ಹರಿಯಿತು. ಆಗ ನಡೆದದ್ದನ್ನು ಬೇರೆ ಯಾವ ಕಾರ್ಖಾನೆಯಲ್ಲೂ ಕಾಣಲಾರಿರಿ. ಯಾರೊಬ್ಬರೂ ಓಡಿಹೋಗಲಿಲ್ಲ, ಯಾರೊಬ್ಬರೂ ಕೈಕಟ್ಟಿ ನಿಲ್ಲಲಿಲ್ಲ. ಪ್ರತಿಯೊಬ್ಬರೂ ಪ್ರಾಣ ಪಣಕ್ಕಿಟ್ಟವರಂತೆ ದುಡಿದರು, ತಮ್ಮ ತಮ್ಮದನ್ನು ಉಳಿಸಿಕೊಳ್ಳಲು! ಹಬೆಯಣ್ಣ ಬಾಯ್ಲರಿನ ಸುತ್ತ ಮರಳಿನ ಚೀಲ ಒಟ್ಟಿದ. ಗೆರೆಯಕ್ಕ ತನ್ನ ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಮೇಲೆತ್ತಿದಳು. ಹಳದಿ ದಾರದವನು ಹಿಂಡುವ ಯಂತ್ರದ ಮೋಟಾರನ್ನೇ ಕಳಚಿ ಎದೆಗವಚಿಕೊಂಡು ಮಗುವಿನಂತೆ ಹಿಡಿದು ನಿಂತ. ನಾನೂ ಸುಮ್ಮನಿರಲಿಲ್ಲ, ನನ್ನ ಹೊಸ ಬೂಟುಗಳನ್ನು ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡೆ. ಒಗೆದು ಮಡಿಸಿ ಕಳಿಸಲು ಸಿದ್ಧವಾಗಿ ಓಣಿಯಲ್ಲಿ ಒಟ್ಟಿದ್ದ ಆಸ್ಪತ್ರೆಯ ಚಾದರದ ಗಂಟುಗಳು ಮಾತ್ರ ಕೊಳೆನೀರಿನಲ್ಲಿ ಮೆಲ್ಲಗೆ ತೇಲತೊಡಗಿದವು. ಅವನ್ನು ಮುಟ್ಟಲು ಯಾರಿಗೂ ತೋಚಲಿಲ್ಲ.

ದೊಡ್ಡಮ್ಮ ಬಂದಳು. ಓರೆಯಾಗಿ, ಭುಜ ಮುಂದೆ ಮಾಡಿಕೊಂಡು ನೀರನ್ನು ಸೀಳುತ್ತ. ಯಾರನ್ನೂ ಬೈಯಲಿಲ್ಲ. ಕೋಟನ್ನು ಬಿಚ್ಚಿ, ಅದು ಬೇರೆಯವರದ್ದಲ್ಲವೆ, ಗೂಟಕ್ಕೆ ಹಾಕಿ, ಮಂಡಿಯೂರಿ ಕೂತು, ಜಾಲರಿ ಸರಿಸಿ ಭುಜದವರೆಗೂ ತೋಳನ್ನು ಮೋರಿಯೊಳಗೆ ಇಳಿಸಿದಳು. ಗೆರೆಯಕ್ಕ ಮೇಜು ಬಿಟ್ಟು ಓಡಿಬಂದು ಅವಳ ರಟ್ಟೆ ಹಿಡಿದು, "ನೀನು ಸುಮ್ನಿರು ದೊಡ್ಡಮ್ಮ, ನಾನು ತೆಗೀತೀನಿ, ನೀನು ಏಳು ಮೇಲೆ" ಎಂದು ಅಳತೊಡಗಿದಳು.

ನೀನು! ಊರೇ ಮುಳುಗುತ್ತಿದ್ದರೂ ನನ್ನ ಕಿವಿಗೆ ಬಿದ್ದದ್ದು ಅದೊಂದೇ. ನನ್ನ ಕೊನೆಯ ಆಸ್ತಿಯೂ ಅಂದು ನೀರಿನಲ್ಲಿ ಹೋಯಿತು.

"ನಿನ್ನ ಮೇಜು ನೋಡ್ಕೋ ಹೋಗು" ಎಂದು ದೊಡ್ಡಮ್ಮ ಅವಳನ್ನು ಕಳಿಸಿದಳು. ಗೇಣುದ್ದದ ಕೂದಲಿನ ಜಡೆಯಂಥ ನೂಲಿನ ಗಂಟೊಂದನ್ನು ಎಳೆದು ತೆಗೆದಳು. ಮೋರಿ ಗೊಟಗೊಟನೆ ನೀರು ಕುಡಿಯಿತು. ಆಮೇಲೆ ಎದ್ದು ನಿಂತು, ಕೊಳೆ ತೊಟ್ಟಿಕ್ಕುವ ಬೆರಳನ್ನು ಮೋರಿಯತ್ತ ಚಾಚಿ ಎಲ್ಲರನ್ನೂ ಒಂದು ಸುತ್ತು ನೋಡಿದಳು. "ಇದು ಯಾರ್ದು?"

ಒಬ್ಬೊಬ್ಬರೂ ತಮ್ಮ ತಮ್ಮ ದಾರದತ್ತ ಕಣ್ಣು ಹೊರಳಿಸಿದರು. ಅವಳ ಬೆರಳು ಇಳಿಯಲಿಲ್ಲ. ಕೊನೆಗೆ ತಾನೇ ಒಳಗೆ ಹೋಗಿ ಡ್ರಾಯರಿನಿಂದ ಕರಿ ದಾರದ ಉಂಡೆಯನ್ನು ತಂದಳು. ಕಪ್ಪು ಬಟ್ಟೆಯ ಮೇಲೆ ಕಾಣುವುದಿಲ್ಲವೆಂದು ಗುರುತಿಗೆ ಯಾರೂ ಬಳಸದೆ ಬಿಟ್ಟಿದ್ದ ದಾರವದು. ಜಾಲರಿಯ ಕಂಬಿಗೆ ಅದನ್ನು ಎರಡು ಸುತ್ತು ಸುತ್ತಿ, ಹಲ್ಲಿನಿಂದ ಕಡಿದು, "ಇದು ನಂದು" ಎಂದಳು. ಅಂದಿನಿಂದ ವಾರಕ್ಕೊಮ್ಮೆ ಮೋರಿ ತೆಗೆಯುವುದು ಅವಳ ಕೆಲಸವಾಯಿತು. ಇಷ್ಟು ದೊಡ್ಡ ಲಾಂಡ್ರಿಯಲ್ಲಿ ಅವಳದೆಂದು ಹೇಳಿಕೊಳ್ಳಬಹುದಾದದ್ದು ಅದೊಂದೇ. ಉಳಿದದ್ದೆಲ್ಲ ಹಂಚಿಹೋಗಿತ್ತು.

ಮಂಡಿನೋವು ಅವಳನ್ನು ಕುರ್ಚಿಗೆ ಕೂರಿಸಿದ ವರ್ಷ ನಮಗೆ ಕರೆ ಬಂತು: ಲಾಂಡ್ರಿಯ ವಿಷಯ ತೀರ್ಮಾನ ಮಾಡುತ್ತಾಳಂತೆ, ಅಮ್ಮನೂ ನಾನೂ ಬರಬೇಕಂತೆ. ಅಮ್ಮ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದುಟ್ಟಳು. ನಾನು ಕೆಲಸ ಬಿಡುವ ಪತ್ರದ ಮೊದಲ ಸಾಲನ್ನು ಮನಸ್ಸಿನಲ್ಲೇ ರಚಿಸಿಕೊಂಡೆ. ಲಾಂಡ್ರಿಯ ಹೊಸ ಬೋರ್ಡಿನ ಅಕ್ಷರ ಯಾವ ಬಣ್ಣದ್ದಿರಬೇಕೆಂಬುದನ್ನೂ ದಾರಿಯಲ್ಲೇ ನಿರ್ಧರಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಮನೆಯವರು ಯಾವತ್ತೂ ಹಿಂದೆ ಬಿದ್ದವರಲ್ಲ.

ಕೆಲಸದವರೆಲ್ಲ ಇಸ್ತ್ರಿಯ ಕೋಣೆಯಲ್ಲಿ ತಮ್ಮ ತಮ್ಮ ದಾರದ ಪಕ್ಕ ನಿಂತಿದ್ದರು, ವ್ಯಾನಿನವನು ಮಾತ್ರ ಬಾಗಿಲಲ್ಲಿ. ದೊಡ್ಡಮ್ಮ ಸುತ್ತುಬಳಸಲಿಲ್ಲ. "ಇಷ್ಟು ದಿನ ಮಾತಲ್ಲಿ ನಿಮ್ಮದಾಗಿತ್ತು. ವಕೀಲರ ಹತ್ತಿರ ಬರೆಸಿ ಆಗಿದೆ. ಇನ್ಮೇಲೆ ಕಾನೂನಲ್ಲೂ ನಿಮ್ಮದು. ಯಾರ ದಾರ ಎಲ್ಲಿದೆಯೋ ಅವರಿಗೆ ಲಾಂಡ್ರೀಲಿ ಒಂದೊಂದು ಪಾಲು, ಎಲ್ಲರಿಗೂ ಸಮ."

ಹಬೆಯಣ್ಣ ಬಾಯ್ಲರಿನ ಹಿಡಿ ಹಿಡಿದುಕೊಂಡ. ಗೆರೆಯಕ್ಕ ಮೇಜಿನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿದಳು. ಆ ಕ್ಷಣದಲ್ಲಿ ನಾನು ಅವರಿಬ್ಬರನ್ನೂ ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿದ್ದಿಲ್ಲ. ಹಿತ್ತಾಳೆ ಫಲಕ ಪಡೆದ ಪಕ್ಕದ ಕುರ್ಚಿಯವನನ್ನು ಕೂಡ.

"ಅಕ್ಕಾ, ಮತ್ತೆ ಇವನಿಗೆ?" ಎಂದಳು ಅಮ್ಮ.

ದೊಡ್ಡಮ್ಮ ಕುರ್ಚಿಯಲ್ಲೇ ಕೂತು ಒಂದೊಂದಾಗಿ ಗುಂಡಿ ಬಿಚ್ಚಿದಳು. ಕೋಟನ್ನು ಮಡಚಿ ನನ್ನ ಕೈಗಿಟ್ಟು, "ಇದು ನಂದಲ್ಲ. ಅವನು ಬಂದ್ರೆ ಕೊಡು. ನಂದು ಅಂತ ಇರೋದು ಆ ಮೋರಿ ಒಂದೇ. ಅದು ನಿಂಗೆ. ಅದಕ್ಕೂ ಎಲ್ಲರ ಹಾಗೆ ಒಂದು ಪಾಲು" ಎಂದಳು.

ಯಾರೂ ನಗಲಿಲ್ಲ, ನಕ್ಕಿದ್ದರೆ ಸೈರಿಸಬಹುದಿತ್ತು. ಹಬೆಯಣ್ಣ ಸಮಾಧಾನ ಹೇಳಲು ಹೋಗಿ, "ಪಾಲಿಗೆ ಬಂದದ್ದು ಪಂಚಾಮೃತ ಸಾರ್" ಎಂದ. ಅಮ್ಮ ಅಲ್ಲಿಂದ ಎದ್ದವಳು ಮನೆ ಮುಟ್ಟುವವರೆಗೆ ಮಾತಾಡಲಿಲ್ಲ, ಮುಟ್ಟಿದ ಮೇಲೆ ನಿಲ್ಲಿಸಲಿಲ್ಲ. "ಒಡಹುಟ್ಟಿದವಳ ಮಗನಿಗೆ ಮೋರಿ! ಬಾಯ್ಲರಿನವನಿಗೆ ಬಾಯ್ಲರು!" ಎಂದು ತಿಂಗಳುಗಟ್ಟಲೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ" ಎಂದು ನನ್ನ ಹೆಂಡತಿ ನಡುವೆ ಬಾಯಿ ಹಾಕಿ ಅತ್ತೆಯ ಕೆಂಗಣ್ಣಿಗೆ ಗುರಿಯಾದಳು.

ನಾನು ಪಾಲನ್ನು ಬಿಟ್ಟುಕೊಡಲಿಲ್ಲ, ಮೋರಿಗೆ ಕೈಯನ್ನೂ ಹಾಕಲಿಲ್ಲ. ಬುದ್ಧಿವಂತನಂತೆ ಒಬ್ಬ ಕೂಲಿಯವನನ್ನು ಕರೆದುಕೊಂಡು ಹೋಗಿ ಓಣಿಯಲ್ಲಿ ಕೂರಿಸಿದೆ. ಅವನು ಜಾಲರಿ ಸರಿಸುತ್ತಿದ್ದಂತೆ ಕಿಟಕಿಯ ಪಕ್ಕದ ಕುರ್ಚಿಯಿಂದ ದೊಡ್ಡಮ್ಮನ ದನಿ ಬಂತು: "ಪಾಪ, ಒಳ್ಳೆ ಕೆಲಸಗಾರ. ಕರಿ ದಾರ ಅವನ ಹೆಸರಿಗೇ ಕಟ್ಟಿಸ್ಲಾ?"

ಕೂಲಿಯವನು ತಲೆಯೆತ್ತಿ ನೋಡಿದ. ಅವನ ಕಣ್ಣಿನಲ್ಲಿ ಏನೋ ಒಂದು ಹೊಳೆಯಿತು. ಆಸೆಯೇ ಇರಬೇಕು. ಅಷ್ಟೇ ಸಾಕಾಯಿತು. ನನಗೆ ಬೇಡವಾದ ಮೋರಿ, ಹೇಸಿಗೆಯ ಮೋರಿ, ನನ್ನನ್ನು ಅವಮಾನಿಸಲೆಂದೇ ಕೊಟ್ಟ ಮೋರಿ ಇನ್ನೊಬ್ಬನ ಪಾಲಾಗುತ್ತದೆ ಎನ್ನುವಾಗ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅವನಿಗೆ ಕೂಲಿ ಕೊಟ್ಟು ಕಳಿಸಿ, ಅಂಗಿಯ ತೋಳು ಮಡಚಿ, ಮಂಡಿಯೂರಿದೆ. ಒಳಗೆ ನೀರು ತಣ್ಣಗಿತ್ತು. ಬೆರಳಿಗೆ ಒಂದು ಗುಂಡಿ ಸಿಕ್ಕಿತು.

ಮೊದಮೊದಲು ಹೋಗುತ್ತಿದ್ದದ್ದು ಅವಳ ತೀರ್ಮಾನ ಎಷ್ಟು ಕೆಟ್ಟದೆಂದು ಎಲ್ಲರಿಗೂ ತೋರಿಸಲು, ಮೂಗು ಮುಚ್ಚಿಕೊಂಡು, ಸಾಧ್ಯವಾದಷ್ಟು ಸದ್ದು ಮಾಡುತ್ತ. ಆಮೇಲೆ ಜಾಲರಿಯ ಕಂಬಿ ತುಕ್ಕು ಹಿಡಿದದ್ದು ಕಣ್ಣಿಗೆ ಬಿತ್ತು, ಹೊಸದು ಮಾಡಿಸಿದೆ. ತೊಟ್ಟಿಯ ಕೋಣೆಯವರು ನೂಲಿನ ಕಸವನ್ನು ಹಾಗೇ ಹರಿಯಬಿಟ್ಟರೆ ಜಗಳಕ್ಕೆ ನಿಲ್ಲುತ್ತಿದ್ದೆ. ಕಚೇರಿಯಲ್ಲಿ ಕೂತಿದ್ದರೂ ಮಳೆಮೋಡ ಕಂಡರೆ ನೆನಪಾಗುತ್ತಿದ್ದದ್ದು ನನ್ನ ಮೋರಿ. ಆ ವರ್ಷ ಹಿತ್ತಾಳೆಯ ಫಲಕ ಯಾರಿಗೆ ಹೋಯಿತೆಂಬುದು ನನಗೆ ನೆನಪಿಲ್ಲ.

ಒಮ್ಮೆ ಜ್ವರದಿಂದ ಮಲಗಿ ಎದ್ದು ಹೋಗಿ ನೋಡುತ್ತೇನೆ, ಮೋರಿ ತಿಕ್ಕಿದ ಕಂಚಿನ ಪಾತ್ರೆಯಂತೆ ಶುಭ್ರವಾಗಿದೆ. ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ನನಗೆ ಹುಟ್ಟಿದ್ದು ಕೋಪ. "ನನ್ನ ಮೋರಿಗೆ ಕೈ ಹಾಕಿದ್ದು ಯಾರು?" ಎಂದು ಓಣಿ ಅದುರುವಂತೆ ಕೂಗಿದೆ.

ಹಬೆಯಣ್ಣ ತಪ್ಪಿತಸ್ಥನಂತೆ ಹೊರಬಂದ. "ನಿಮಗೆ ಹುಷಾರಿರ್ಲಿಲ್ಲ ಅಂತ ನಾನೇ ಸ್ವಲ್ಪ..."

"ನಿಮ್ಮ ಬಾಯ್ಲರ್ ನಾನು ಮುಟ್ತೀನಾ?"

"ಇಲ್ಲ ಸಾರ್."

"ಮತ್ತೆ?"

ಕಿಟಕಿಯ ಪಕ್ಕದಲ್ಲಿ ದೊಡ್ಡಮ್ಮ ನಗುತ್ತಿದ್ದಳು. ಸದ್ದಿಲ್ಲದ ನಗು, ಭುಜವಷ್ಟೇ ಕುಣಿಯುತ್ತಿತ್ತು. ಕಣ್ಣೊರೆಸಿಕೊಂಡು, ಬೆರಳು ಚಾಚಿ, ಮೋರಿಯನ್ನು ತೋರಿಸಿದಳು. ಪ್ರಶ್ನೆ ಕೇಳಲಿಲ್ಲ. ನಾನೇ, "ನಂದು ದೊಡ್ಡಮ್ಮ, ನಂದು" ಎಂದೆ. ಅವಳ ಬೆರಳು ಕೆಳಗಿಳಿಯಿತು.

ಅವಳು ಹೋದದ್ದು ಆಸ್ಪತ್ರೆಯಲ್ಲಿ, ನಮ್ಮಲ್ಲೇ ಒಗೆದ ಬಿಳಿಯ ಚಾದರದ ಮೇಲೆ. ಡಾಕ್ಟರು ಹೊರಗೆ ಬಂದು, ಕನ್ನಡಕ ಸರಿಮಾಡಿಕೊಳ್ಳುತ್ತ, "ಇವರ ಕಡೆಯವರು ಯಾರು?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಅದಕ್ಕೆ ಮುಂಚೆಯೇ ಹಬೆಯಣ್ಣ, ಗೆರೆಯಕ್ಕ, ವ್ಯಾನಿನವನು, ಹಳದಿ ದಾರದವನು ಎಲ್ಲರೂ ಒಟ್ಟಿಗೆ "ನಾವು" ಎಂದಾಗಿತ್ತು. ನಾನೂ ಅದನ್ನೇ ಎಂದೆ, ನನ್ನ ದನಿ ಅವರದಕ್ಕಿಂತ ಗಟ್ಟಿಯಾಗಿತ್ತೇ ಹೊರತು ಬೇರೆಯಾಗಿರಲಿಲ್ಲ. ಡಾಕ್ಟರು ನಮ್ಮನ್ನು ಒಂದು ಸುತ್ತು ನೋಡಿ, "ಅಂದ್ರೆ ಮಕ್ಕಳಾ?" ಎಂದರು. ಯಾರೂ ಇಲ್ಲವೆನ್ನಲಿಲ್ಲ. ನಾನಾದರೂ ಇಲ್ಲವೆನ್ನಬಹುದಿತ್ತು, ಅವರನ್ನೆಲ್ಲ ಬದಿಗೆ ಸರಿಸಿ ರಕ್ತಸಂಬಂಧ ಹೇಳಿಕೊಳ್ಳಬಹುದಿತ್ತು. ಅದು ಸಂಬಂಧ ಕಣೋ, ಕೆಲಸ ಅಲ್ಲ ಎಂಬ ಮಾತು ನೆನಪಾಗಿ ಸುಮ್ಮನಾದೆ. ಕರಿಯ ಕೋಟು ಈಗಲೂ ಓಣಿಯ ಗೂಟದಲ್ಲಿದೆ. ಮೋರಿಗೆ ಇಳಿಯುವ ದಿನ ಅದನ್ನು ಒಮ್ಮೆ ಕೊಡವಿ ಗಾಳಿಗೆ ಹಾಕುತ್ತೇನೆ.

ಲೋಕದಲ್ಲಿ ಕೊಡುವವರು ಬಹಳ. ಬಹುಮಾನ ಕೊಡುವವರು ಕೊಟ್ಟ ಮೇಲೂ ಕೈಯ ತುದಿಯಲ್ಲಿ ಅದನ್ನು ಹಿಡಿದುಕೊಂಡೇ ಇರುತ್ತಾರೆ, ಮುಂದಿನ ವರ್ಷ ಕಿತ್ತು ಇನ್ನೊಬ್ಬನಿಗೆ ಕೊಡಲು. ಪೂರ್ತಿಯಾಗಿ ಕೊಟ್ಟುಬಿಡುವವರು ಅಪರೂಪ. ಅವರು ಎಲ್ಲಕ್ಕೂ ಒಬ್ಬ ಒಡೆಯನನ್ನು ಹುಡುಕಿ, ಯಾರೂ ಕೇಳದ್ದನ್ನು ಮಾತ್ರ ತಮಗೆಂದು ಇಟ್ಟುಕೊಂಡು, ಅದರಿಂದಲೇ ಯಜಮಾನರಾಗುತ್ತಾರೆ. ಆದರೆ ಜಗತ್ತಿನ ವಸ್ತುಗಳಿಗೆಲ್ಲ ದಾರ ಕಟ್ಟುತ್ತ ಹೋದ ಇಂಥವರಿಗೇ ಒಂದು ದಾರ ಕಟ್ಟಿ ಇವರು ನನ್ನವರು ಎನ್ನಲು ಯಾರಿಂದಲೂ ಆಗುವುದಿಲ್ಲ. ಅವರ ಸುತ್ತ ಬದುಕಿದ ನಮಗೆಲ್ಲ ಒಬ್ಬರ ಮೇಲೊಬ್ಬರಿಗೆ ಇರುವ ಹೊಟ್ಟೆಯುರಿ ಅವರು ಯಾರವರು ಎಂಬುದೊಂದೇ, ಆ ಉರಿಯಲ್ಲೇ ನಾವು ದಿನವೂ ಎದ್ದು ಕೆಲಸಕ್ಕೆ ಹೋಗುತ್ತೇವೆ.